ಕೋರ್ಟಿನಲ್ಲಿ ನಾನು ಬಿದ್ದ ದಿನ

ಕಲ್ಲೇಶ್ವರನ ಭಕ್ತರೆಲ್ಲರಿಗೂ ಮಾಸೂರಿನ ನೀಲವ್ವನ ಶರಣು.

ಮದುವೆಯಾದ ವರ್ಷದಿಂದ ನನಗೊಂದು ರೋಗ. ಕಳೆ ತೆಗೆಯುತ್ತಿದ್ದವಳು ಬದುವಿನ ಮೇಲೆ ಹಾಗೆಯೇ ನಿದ್ದೆ ಹೋಗುತ್ತಿದ್ದೆ. ನಕ್ಕರೆ, ಸಿಟ್ಟು ಬಂದರೆ ಮೊಣಕಾಲು ಕುಸಿದು ನೆಲಕ್ಕೆ ಬೀಳುತ್ತಿದ್ದೆ. ಆಗ ಮೈ ಅಲುಗದು, ಕಿವಿ ಮಾತ್ರ ಎಲ್ಲವನ್ನೂ ಕೇಳುತ್ತಿತ್ತು. ಎಷ್ಟೋ ಸಲ ಕಣ್ಣು ಮುಚ್ಚಿದೊಡನೆ ಎದೆಯ ಮೇಲೆ ಯಾರೋ ಬಂದು ಕೂತಂತಾಗುತ್ತಿತ್ತು. "ಗಾಳಿ ಸೋಂಕೈತಿ" ಎಂದರು ಜನ. "ಇದನ್ನ ತೆಗಿಯೋ ತಂದೆ" ಎಂದು ಪ್ರತಿ ಸೋಮವಾರ ಸ್ವಾಮಿಯಲ್ಲಿ ಬೇಡುತ್ತಿದ್ದೆ.

ಪೆಟ್ರೋಲು ಸಿಗದ ಯುದ್ಧದ ಕಾಲ, ಶ್ರಾವಣ ಮಾಸ. ಚಳಿಜ್ವರದಿಂದ ನಡುಗುತ್ತಿದ್ದ ನನ್ನನ್ನು ಯಜಮಾನರು ಇದ್ದಿಲು ಗ್ಯಾಸಿನಿಂದ ಓಡುವ ಮೋಟಾರು ಬಸ್ಸಿನಲ್ಲಿ ಪೇಟೆಯ ಖಾಸಗಿ ದವಾಖಾನೆಗೆ ಕರೆದೊಯ್ದರು. ಏರು ಬಂದಾಗಲೆಲ್ಲ ಗಂಡಸರು ಇಳಿದು ಮೋಟಾರು ನೂಕಿದರು.

"ನಿದ್ದಿ ಔಷಧ ಕೊಡಬ್ಯಾಡ್ರಿ ಸಾಹೇಬ್ರ. ಮೊದಲ ಸತ್ತಂಗ ಮಲಗ್ತಾಳ್ರಿ," ಎಂದು ಯಜಮಾನರು ಡಾಕ್ಟರಿಗೆ ಕೈಮುಗಿದರು.

"ನನಗ ಕಲಿಸಾಕ ಬಂದಿಯೇನ?" ಎಂದ ಡಾಕ್ಟರು ಅದನ್ನೇ ಕುಡಿಸಿದರು. ಕಾಲ ಬಳಿ ಬಿಸಿನೀರಿನ ಸೀಸೆಗಳನ್ನು ಇಡಿಸಿ, ಯಜಮಾನರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಸಿದರು. ಮತ್ತೆ ಯಾರೂ ಒಳಗೆ ಬಂದು ನೋಡಲಿಲ್ಲ. ಎಚ್ಚರವಾದಾಗ ಸೀಸೆಯ ಬಿಸಿಗೆ ಬೆಂದ ಬಲಗಾಲಿನ ತೊಗಲು ಹಾಸಿಗೆಗೆ ಅಂಟಿತ್ತು. ಗಾಯ ಕೊಳೆತು ಕಾಲ್ಬೆರಳುಗಳನ್ನೇ ಕತ್ತರಿಸಿದರು.

ಗದ್ದೆಯಲ್ಲಿ ನಿಲ್ಲಲಾಗದೆ ಕೂಲಿ ತಪ್ಪಿತು. ಪರಿಹಾರ ಕೇಳಿ ದಾವೆ ಹಾಕಿದೆವು. "ರೋಗದ ಸುದ್ದಿಯನ್ನೇ ಇವರು ಹೇಳಿರಲಿಲ್ಲ" ಎಂದು ಡಾಕ್ಟರು ಪ್ರಮಾಣ ಮಾಡಿದರು. ನಮಗೆ ಸಾಕ್ಷಿಗಳಿರಲಿಲ್ಲ.

"ಸೋತ್ರ ಕೋರ್ಟಿನ ಖರ್ಚಿಗೆ ಇರೋ ಮನೀನೂ ಹೋಗ್ತೈತಿ ನೀಲಾ," ಎಂದರು ಯಜಮಾನರು. ಆ ಸೋಮವಾರ ಗುಡಿಗೆ ಹೋದರೂ ಏನನ್ನೂ ಬೇಡಲು ಬಾಯಿ ಬರಲಿಲ್ಲ.

ನನ್ನ ಹೇಳಿಕೆಯ ದಿನ ಡಾಕ್ಟರ ಕಡೆಯ ವಕೀಲರು, "ಎಲ್ಲಾ ಸೋಗು. ಎಲ್ಲಿ, ಇಲ್ಲೇ ಒಮ್ಮೆ ಬಿದ್ದು ತೋರಸಬೇ," ಎಂದರು. ಜನ ನಕ್ಕರು. ನನಗೆ ಸಿಟ್ಟು ಉಕ್ಕಿತು. ಕಟಕಟೆಯಲ್ಲೇ ಕುಸಿದೆ. ಮುಖ ನೆಲಕ್ಕೆ ಒತ್ತಿ ಉಸಿರು ಸಿಕ್ಕಿಕೊಂಡಿತು. "ಸತ್ತಳು!" ಎಂದು ಯಾರೋ ಕೂಗಿದ್ದು ಕೇಳಿತು. "ಡಾಕ್ಟರೇ, ಬೇಗ ನೋಡಿ," ಎಂದರು ನ್ಯಾಯಾಧೀಶರು.

ಅಲ್ಲೇ ಕೂತಿದ್ದ ಅದೇ ಡಾಕ್ಟರು ಬಂದು ನನ್ನ ಮುಖ ಹೊರಳಿಸಿದರು. "ಗಾಬರಿ ಆಗಬ್ಯಾಡ್ರಿ. ಆಕಿಗೆ ಹಿಂಗ ಆಗ್ತೈತಿ. ಆಕಿ ಗಂಡ ಅವತ್ತ ನನಗ ಹೇಳಿದ್ದ."

ಆ ಮಾತನ್ನು ಬರೆದುಕೊಳ್ಳುತ್ತಿದ್ದ ಗುಮಾಸ್ತರ ಲೇಖನಿಯ ಸದ್ದು ಬಿದ್ದಲ್ಲಿಗೇ ಕೇಳಿಸಿತು.

ಪರಿಹಾರ ಸಿಕ್ಕಿತು. ಎರಡು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದೇವೆ. ರೋಗ ಹೋಗಲೆಂದು ಬೇಡಿದ್ದೆ. ಸ್ವಾಮಿ ಅದನ್ನು ನನ್ನಲ್ಲೇ ಉಳಿಸಿ, ಅದರಿಂದಲೇ ಡಾಕ್ಟರ ಬಾಯಲ್ಲಿ ನಿಜ ಆಡಿಸಿದ. ಇಂದಿಗೂ ನನ್ನನ್ನು ಒಲೆಯ ಹತ್ತಿರ ಒಬ್ಬಳೇ ಬಿಡುವುದಿಲ್ಲ. ಮಲಗುವಾಗ ಏಳುತ್ತೇನೋ ಇಲ್ಲವೋ ಎಂಬ ಭಯ ಇದ್ದೇ ಇದೆ. ಅವನ ಹೆಸರು ಹೇಳಿಯೇ ಮಲಗುತ್ತೇನೆ, ಈವರೆಗೆ ಎಬ್ಬಿಸಿದ್ದಾನೆ.