ಬಳಸಿ ಹೋದ ಕಣಿ

ಮಳೆಗೆ ಹೆದರದ ಹೂದೋಟ ಬೇಕೆಂದರೆ ಬಂಟ್ವಾಳದಲ್ಲಿ ಧರ್ಣಪ್ಪನನ್ನೇ ಕರೆಯಬೇಕಿತ್ತು. ಗಿಡದ ಮಾತು ಅವನಿಗೆ ಆಮೇಲೆ, ಮೊದಲು ನೀರಿನ ಮಾತು. ಹೋದ ವರ್ಷದ ಮಳೆ ನೆಲವನ್ನು ಎಲ್ಲೆಲ್ಲಿ ಗೀರಿದೆ, ಎಲ್ಲಿ ಪಾಚಿ ಕಟ್ಟಿದೆ, ಎಲ್ಲಿ ಕಾಲು ಹೂಳುತ್ತದೆ ಎಂದು ಬರಿಗಾಲಲ್ಲಿ ಇಡೀ ಜಾಗ ಸುತ್ತಿ, ನೀರು ಹರಿದು ಹೋಗಲು ಕಣಿ ತೋಡಿ, ಆ ಮಣ್ಣನ್ನೇ ಎತ್ತಿ ಏರು ಮಾಡಿ, ಅದರ ಮೇಲೆ ಗಿಡ. ಗುಲಾಬಿ ಬೇಕೆಂದು ಹಟ ಹಿಡಿದವರಿಗೆ, ಆಟಿ ತಿಂಗಳ ಜಡಿಮಳೆಯಲ್ಲಿ ಅದರ ಬೇರು ಕೊಳೆಯುತ್ತದೆ, ಚಟ್ಟಿಯಲ್ಲಿ ನೆಟ್ಟು ಜಗಲಿಗೆ ತನ್ನಿ ಎನ್ನುತ್ತಿದ್ದ.

೧೯೫೮ರ ಬೇಸಿಗೆಯಲ್ಲಿ, ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ ಲೋಕನಾಥ ಶೆಟ್ಟರು ಗುಡ್ಡದ ಇಳಿಜಾರಿನಲ್ಲಿ ಹೊಸ ಮನೆ ಕಟ್ಟಿಸಿ ಅವನನ್ನು ಕರೆಸಿದರು. ಇಳಿಜಾರಿನ ಬುಡದಲ್ಲಿ, ಅವರದೇ ಜಾಗದಲ್ಲಿ, ಅವ್ವಮ್ಮನ ಮಣ್ಣುಗೋಡೆಯ ಮನೆ ಇತ್ತು. ಮಗಳು ರುಕಿಯಾಳನ್ನು ಕನ್ಯಾನಕ್ಕೆ ಕೊಟ್ಟ ಮೇಲೆ ಅವ್ವಮ್ಮ ಒಬ್ಬಳೇ ಬೀಡಿ ಕಟ್ಟಿಕೊಂಡು ಅಲ್ಲಿದ್ದಳು.

ಧರ್ಣಪ್ಪ ಅಂಗಳದಿಂದ ರಸ್ತೆಯ ಚರಂಡಿಯವರೆಗೆ ನೇರವಾಗಿ ಒಂದು ಕಣಿಗೆ ಹಗ್ಗ ಹಿಡಿದ. ಶೆಟ್ಟರ ಹೆಂಡತಿ ಶಶಿಪ್ರಭಾ ಬಂದು ನೋಡಿ, ಹುಲ್ಲಿನ ನಡುವೆ ಇದೇನು ಗಾಯದ ಹಾಗೆ, ಬೊಂಬಾಯಿಯ ಪಾರ್ಕುಗಳಲ್ಲಿ ಹೀಗಿಲ್ಲ ಎಂದು ಕೋಲಿನಿಂದ ಅಂಚಿನುದ್ದಕ್ಕೂ ಚಂದದ ಒಂದು ಬಳಸು ಎಳೆದರು. ಆ ಬಳಸಿನ ತಿರುವು ಸರಿಯಾಗಿ ಅವ್ವಮ್ಮನ ಮನೆಯ ನೆತ್ತಿಯ ಮೇಲೆ ಬರುತ್ತಿತ್ತು. ಧರ್ಣಪ್ಪ ಎರಡು ಸಲ ಬೇಡವೆಂದು ಹೇಳಿ ನೋಡಿ, ಕೊನೆಗೆ ಆ ಗೆರೆಯ ಮೇಲೆಯೇ ತೋಡಿದ.

ಮೇಲೆ ಕಣಿ ತೋಡಿದರೆ ಕೆಳಗಿದ್ದವರಿಗೆ ತಿಳಿಸಿ ಬರುವುದು ಅವನ ಕ್ರಮ. ಹೋಗಿ ಹೇಳಿದ. ಅವ್ವಮ್ಮ ಬೀಡಿಯ ಮೊರದಿಂದ ಕಣ್ಣೆತ್ತಲಿಲ್ಲ.

“ನೀರಿಗೆ ತಿರುಗ್ಲಿಕ್ಕೆ ಪುರುಸೊತ್ತು ಉಂಟಾ ಧರ್ಣಪ್ಪ? ನೇರ ಬಿಡು ಅದನ್ನು.”

“ತಿರುವಿಗೆ ಮುರಕಲ್ಲು ಇಡ್ತೇನೆ. ಮಳೆ ಜೋರಾದ್ರೆ ನಾನೇ ಬಂದು ಹುಲ್ಲಿನ ನಡುವಲ್ಲಿ ಕಡಿದು ನೀರನ್ನು ನೇರ ರಸ್ತೆಗೆ ಬಿಡ್ತೇನೆ.”

“ಆಯ್ತು. ನೀನು ಬರುವಾಗ ನಾನು ಹೊಳೆಯಲ್ಲಿ ತೇಲಿ ಪಾಣೆಮಂಗಳೂರು ದಾಟದಿದ್ರೆ ಸಾಕು.”

ಇಬ್ಬರೂ ನಕ್ಕರು.

ಬೇಸಿಗೆಯ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದದ್ದೇ ತಡ, ತೋಟ ಎದ್ದು ನಿಂತಿತು! ಕೇಪುಳ ಕೆಂಡದ ಹಾಗೆ, ಸುಗಂಧಿ ಮೊಣಕಾಲೆತ್ತರಕ್ಕೆ, ಹುಲ್ಲಿನ ನಡುವಿನ ಏರಿನಲ್ಲಿ ಕಾಬಾಳೆ ಮೈತುಂಬ ಕೆಂಪು ಹಳದಿ ಹೂ ಬಿಟ್ಟು, ಎಲೆಯೆಲೆಯೂ ನೀರು ಕುಡಿದು ಕೊಬ್ಬಿ, ಒಂದು ಗಿಡವೂ ಕೊಳೆಯದೆ. ರಸ್ತೆಯಲ್ಲಿ ಹೋಗುವವರು ಕೊಡೆ ಓರೆ ಮಾಡಿ ನಿಂತು ನೋಡುತ್ತಿದ್ದರು. ಧರ್ಣಪ್ಪನಿಗೂ ಆ ಕಾಬಾಳೆಯ ಮೇಲೆ ಎಲ್ಲಿಲ್ಲದ ಆಸೆ.

ಆಟಿಯಲ್ಲಿ ಮೂರು ದಿನ ಬಿಡದೆ ಹೊಯ್ಯಿತು. ಮೂರನೆಯ ದಿನ ಮಧ್ಯಾಹ್ನ ಧರ್ಣಪ್ಪ ಬಂದು ನೋಡಿದರೆ ಕಣಿ ತುಂಬಿ ತಿರುವಿನ ಕಲ್ಲು ಅಲುಗುತ್ತಿತ್ತು. ನಡುವಲ್ಲಿ ಕಡಿಯಬೇಕು. ಅಲ್ಲಿದ್ದದ್ದು ಕಾಬಾಳೆ. ಪಿಕಾಸಿ ಎತ್ತಿದ, ಇಳಿಸಿದ. ಒಡೆಯರ ತೋಟ, ಕೇಳದೆ ಕಡಿಯುವುದು ಹೇಗೆ ಎಂದು ಜಗಲಿಗೆ ಓಡಿದ.

“ಇವರು ಈಗಷ್ಟೇ ಮಲಗಿದ್ದು,” ಎಂದರು ಶಶಿಪ್ರಭಾ. “ಏಳ್ಲಿ, ಕೇಳುವ. ಅರ್ಧ ಗಂಟೆಯಲ್ಲಿ ಏನಾಗ್ತದೆ?”

ಅವನು ಸೂರಿನ ಕೆಳಗೆ ಪಿಕಾಸಿ ಹಿಡಿದು ನಿಂತ. ಕೆಳಗೆ ಹೋಗಿ ಅವ್ವಮ್ಮನನ್ನು ಹೊರಗೆ ಕರೆಯಬೇಕೆಂದು ಹೊಳೆಯಲಿಲ್ಲ ಎಂದಲ್ಲ. ಈಗ ಏಳುತ್ತಾರೆ, ಈಗ ಎದ್ದರು ಎಂದು ಒಂದು ಹೆಜ್ಜೆ ಇಟ್ಟು ಮತ್ತೆ ನಿಂತ. ಒಳಗೆ ಗೊರಕೆ ಕೇಳುತ್ತಿತ್ತು.

ಮಣ್ಣಿನ ಗೋಡೆ ಬಿದ್ದರೆ ದೊಡ್ಡ ಸದ್ದೇನೂ ಆಗುವುದಿಲ್ಲ. ಒದ್ದೆ ಮೂಟೆ ಇಳಿಸಿದ ಹಾಗೆ ಒಂದು ಸದ್ದು ಬಂತು.

ಆಗ ಅವನು ಯಾರನ್ನೂ ಕೇಳಲಿಲ್ಲ. ಕಾಬಾಳೆಯನ್ನು ಬುಡಸಮೇತ ಕಡಿದು ನೀರನ್ನು ನೇರ ರಸ್ತೆಗೆ ಬಿಟ್ಟು ಕೆಳಗೆ ಓಡಿದ. ಕಡವಿನ ದೋಣಿಯ ಮೂಸಬ್ಬ ಆಗಲೇ ಕೈಯಲ್ಲೇ ಮಣ್ಣು ಬಗೆಯುತ್ತಿದ್ದ. ಇಬ್ಬರೂ ಸೇರಿ ಅವ್ವಮ್ಮನನ್ನು ಎಳೆದು ಹಲಗೆಯ ಮೇಲೆ ಮಲಗಿಸಿದರು. ಸೊಂಟ ಮುರಿದಿತ್ತು. ಕಣ್ಣು ತೆರೆದು ಅವಳು ಅವನನ್ನು ನೋಡಿದಳು.

“ನೀನು ಮೇಲೆಯೇ ಇದ್ದೆಯಲ್ಲ ಮಾರಾಯ.”

ಧರ್ಣಪ್ಪ ಹಲಗೆಯ ಒಂದು ತುದಿಗೆ ಕೈ ಕೊಟ್ಟು ಎತ್ತಿದ.

ರುಕಿಯಾ ಬಂದು ತಾಯಿಯನ್ನು ಕನ್ಯಾನಕ್ಕೆ ಕರೆದುಕೊಂಡು ಹೋದಳು. ಅವ್ವಮ್ಮ ಅಲ್ಲಿ ಹಾಸಿಗೆಯಿಂದ ಏಳಲೇ ಇಲ್ಲ, ಮುಂದಿನ ಮಳೆಗೆ ಮೊದಲೇ ತೀರಿಕೊಂಡಳು. ಅದಕ್ಕೂ ಮುಂಚೆ, ನವರಾತ್ರಿಯ ಹೊತ್ತಿಗೇ ಶೆಟ್ಟರು, ಕೆಳಗಿನ ಜಾಗ ಖಾಲಿ ಬಿದ್ದಿದೆ, ಸಮ ಮಾಡಿ ಅಲ್ಲಿಗೂ ಹೂದೋಟ ಇಳಿಸು ಎಂದರು. ಧರ್ಣಪ್ಪ, ಅಲ್ಲಿ ನಾನು ಅಗೆಯುವುದಿಲ್ಲ ಎಂದ. ಮರುವಾರ ಬೇರೊಬ್ಬ ಅಗೆದ.

ಧರ್ಣಪ್ಪ ಕಕ್ಕಿಂಜೆಗೆ ಹೋಗಿ ರಬ್ಬರ್ ತೋಟದಲ್ಲಿ ಹಾಲು ತೆಗೆಯುವ ಕೆಲಸಕ್ಕೆ ಸೇರಿದ. ಬಂಟ್ವಾಳದ ತೋಟ ನೋಡಿದವರು ಬೆಳ್ತಂಗಡಿಯಿಂದ, ಮೂಡಬಿದ್ರೆಯಿಂದ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಒಬ್ಬರಿಗೂ ಹೂಂ ಅನ್ನಲಿಲ್ಲ. ೧೯೬೩ರಲ್ಲಿ ಬಂದ ಮೂಡಬಿದ್ರೆಯ ಮೇಷ್ಟ್ರೊಬ್ಬರು ಮಾತ್ರ ಬಿಡಲಿಲ್ಲ. ನೀನು ಬರುವುದು ಬೇಡ, ಕಣಿ ಹೇಗೆ ತೋಡುವುದೆಂದಾದರೂ ಹೇಳು ಎಂದು ರಬ್ಬರ್ ಮರದ ಬುಡದಲ್ಲೇ ಕೂತುಬಿಟ್ಟರು.

“ನೇರ ತೋಡಿ,” ಎಂದ ಧರ್ಣಪ್ಪ. “ಆದ್ರೂ ತುಂಬಿದ್ರೆ ಯಾರನ್ನೂ ಕೇಳ್ಲಿಕ್ಕೆ ಹೋಗ್ಬೇಡಿ. ಎಲ್ಲಿ ಬೇಕೋ ಅಲ್ಲಿ ಕಡಿದುಬಿಡಿ.”

ಹಾಗಾದರೆ ಹೂವು ಹಾಳಾಗುತ್ತದಲ್ಲ ಎಂದರು ಮೇಷ್ಟ್ರು. ಧರ್ಣಪ್ಪ ಆಗಲೇ ಚೂರಿ ಎತ್ತಿಕೊಂಡು ಮುಂದಿನ ಮರಕ್ಕೆ ಹೋಗಿದ್ದ.