ಶೀನಣ್ಣನ ಎಡಗೈ

ಕ್ಯಾಮೆರಾ ಎದುರಿಗಿದ್ದದ್ದನ್ನಷ್ಟೇ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಹೇಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಕುಂದಾಪುರದಲ್ಲಿ ಸ್ಟುಡಿಯೋ ಇಟ್ಟವನಿಗೆ ದೆವ್ವದ ಫೋಟೋ ಎಂದರೆ ಕೆಟ್ಟುಹೋದ ರೀಲು, ಅಷ್ಟೇ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನೂ ಒತ್ತಾಯಿಸುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಹಂಗಾರಕಟ್ಟೆಯ ಗುಲಾಬಕ್ಕ ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯ ಸಮೇತ ಸ್ಟುಡಿಯೋಗೆ ಬಂದರು. ಅವರ ಅಣ್ಣ ಶೀನಣ್ಣ ಹುಡುಗನಾಗಿದ್ದಾಗಲೇ ಮುಂಬೈಯ ಕ್ಯಾಂಟೀನು ಸೇರಿ, ಅಲ್ಲಿ ಗಿಟಾರ್ ಕಲಿತು, ಮೂವತ್ತು ವರ್ಷ ರಾಕ್ ಬ್ಯಾಂಡುಗಳಲ್ಲಿ ಬಾರಿಸಿದವರು. ಭುಜ ಮುಟ್ಟುವ ಕೂದಲು ಬಿಟ್ಟುಕೊಂಡು ಒಮ್ಮೆ ಊರಿಗೆ ಬಂದಾಗ, ಯಾವ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಎಂದು ನಮ್ಮವರು ಕೇಳಿದ್ದರಂತೆ. ಲಕ್ವಾ ಹೊಡೆದು ಎಡಗೈ ಬಿದ್ದ ಮೇಲೆ ತಂಗಿಯ ಮನೆಗೆ ಬಂದಿದ್ದರು. ಹಳೆಯ ಸಂಗಡಿಗರು ಮುಂಬೈಯಲ್ಲಿ ಅವರ ಗೌರವಕ್ಕೆ ಕಾರ್ಯಕ್ರಮ ಇಟ್ಟು, ವೇದಿಕೆಗೆಂದು ಒಂದು ಫೋಟೋ ಕೇಳಿದ್ದರು.

ಸಂಜೆ ಅವರ ಮನೆಗೆ ಹೋದೆ. ಶೀನಣ್ಣ ಜಗಲಿಯಲ್ಲಿ ಮುಖ ತಿರುಗಿಸಿ ಕೂತಿದ್ದರು.

"ಗಿಟಾರ್ ಬ್ಯಾಡ. ಬಾರ್ಸುಕೆ ಆಗ್ದಿದ್ದವ್ನಿಗೆ ಅದೆಂತಕೆ?"

"ಒಂದ್ಸಲ ಹಿಡ್ಕಣಾ. ಅವ್ರೆಲ್ಲ ನಿನ್ನ ಕಾಂಬುಕೆ ಕಾಯ್ತಿದ್ರ್," ಎನ್ನುತ್ತ ಗುಲಾಬಕ್ಕ ಗಿಟಾರನ್ನು ಅವರ ತೊಡೆಯ ಮೇಲಿಟ್ಟರು. ಎಡಗೈ ಎತ್ತಿ ತಂತಿಗಳ ಮೇಲಿರಿಸಿದರು. ಜಾರಿತು. ಮತ್ತೆ ಇರಿಸಿದರು, ಮತ್ತೆ ಜಾರಿತು. ಶೀನಣ್ಣ ಕಣ್ಣು ಮುಚ್ಚಿಕೊಂಡರು.

"ಕೈ ತೊಡಿ ಮೇಲೇ ಇರ್ಲಿ, ಅಕ್ಕ," ಎಂದೆ. ನೋಡಲಾಗದೆ ಒಂದೇ ಒಂದು ಫೋಟೋ ತೆಗೆದು ಎದ್ದುಬಂದೆ.

ರೀಲು ತೊಳೆದು ನೋಡಿದರೆ ಎಡಗೈ ಗಿಟಾರಿನ ಕುತ್ತಿಗೆಯ ಮೇಲಿತ್ತು. ಬೆರಳುಗಳು ಬಾಗಿ ತಂತಿಗಳನ್ನು ಗಟ್ಟಿಯಾಗಿ ಒತ್ತಿದ್ದವು. ಕ್ಲಿಕ್ಕಿಸುವಾಗ ಕ್ಯಾಮೆರಾದೊಳಗಿನ ಕನ್ನಡಿ ಮೇಲೆದ್ದು ಕ್ಷಣಮಾತ್ರ ನಮ್ಮ ಕಣ್ಣಿಗೆ ಕತ್ತಲಾಗುತ್ತದೆ, ನಿಜ. ಅಷ್ಟರಲ್ಲಿ ಬಿದ್ದ ಕೈಯೊಂದು ಎದ್ದು ಮತ್ತೆ ತೊಡೆ ಸೇರುವುದುಂಟೇ?

ಪ್ರಿಂಟು ಒಯ್ದು ಕೊಟ್ಟೆ. ಶೀನಣ್ಣ ಬಹಳ ಹೊತ್ತು ನೋಡಿದರು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

"ಬಾರ್ಸ್ತಾ ಇದ್ದಿದ್ದೆ ಮಾರಾಯ್ರೆ. ನಿಮ್ಗೆ ಕೇಂಡಿಲ್ಯಾ?"

ನನಗೇನೂ ಕೇಳಿಸಿರಲಿಲ್ಲ. ಗುಲಾಬಕ್ಕ ಅಣ್ಣನ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿ, "ನಂಗ್ ಕೇಂಡಿತ್," ಎಂದರು.

ಆ ಫೋಟೋ ಮುಂಬೈಗೆ ಹೋಯಿತು. ಶೀನಣ್ಣ ಈಗಿಲ್ಲ. ನೆಗೆಟಿವ್ ನನ್ನಲ್ಲೇ ಇದೆ. ಎಷ್ಟು ಸಲ ಮಸೂರ ಹಿಡಿದು ನೋಡಿದರೂ ನನಗೇನೂ ಹೊಳೆದಿಲ್ಲ. ಅಣ್ಣನ ಸಮಾಧಾನಕ್ಕೆ ಅಂದು ಕೇಳಿಸಿತೆಂದು ಹೇಳಿದಿರಾ ಎಂದು, ಬೀಜಾಡಿಯ ಒಂದು ಮದುವೆಯಲ್ಲಿ ಸಿಕ್ಕಿದ ಗುಲಾಬಕ್ಕನನ್ನು ಕೇಳಿಯೇಬಿಟ್ಟೆ. ಅವರು ತಲೆಯಾಡಿಸಿದರು.

"ಇಲ್ಲ. ಅಣ್ಣ ಬಾರ್ಸದ್ ನಾ ಕೇಂಡದ್ ಅದೊಂದೇ ಸಲ."