ಹೆರಿಗೆ ವಾರ್ಡಿನ ಗುಟ್ಟು ಕಾಯುವ ‘ಅನುಮಾನದಕ್ಕ’

ಬೆಳಕಿನ್ನೂ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಪರದೆಗೆ ಕಣ್ಣು ನೆಟ್ಟು ಕೂತಿದ್ದಾರೆ. ಕಡತಗಳ ರಾತ್ರಿಯ ನಕಲು, ಅಂದರೆ ಬ್ಯಾಕಪ್, ಹೋಗಬೇಕಾದಲ್ಲಿಗೇ ಹೋಗಿದೆ ಎಂದು ಖಾತ್ರಿಯಾಗದೆ ಅವರು ಚಹಾ ಮುಟ್ಟುವುದಿಲ್ಲ. ಬಾಗಿಲು ಕಿರುಗುಟ್ಟುತ್ತದೆ. ಥಟ್ಟನೆ ತಿರುಗುತ್ತಾರೆ.

“ನಾನೇ ಅಕ್ಕಾ. ಬೇಕಿದ್ರೆ ಪೊರಕೇನೂ ತಪಾಸಣೆ ಮಾಡಿ,” ಎನ್ನುತ್ತಾಳೆ ಕಸ ಗುಡಿಸುವಾಕೆ.

“ಪೊರಕೆ ಇರ್ಲಿ, ಫೋನ್ ಹೊರಗಿಟ್ಟು ಬಾ.”

ಆಸ್ಪತ್ರೆಯಲ್ಲಿ ಇವರಿಗೆ ‘ಅನುಮಾನದಕ್ಕ’ ಎಂದೇ ಹೆಸರು. ರೋಗಿಗಳ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕಿಡುವುದು ಇವರ ಕೆಲಸ. ಆ ಬೀಗ ಇಂದಿನ ಕಂಪ್ಯೂಟರುಗಳಿಗೆ ಜಗ್ಗುವುದಿಲ್ಲ. ಆದರೆ ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದ ದಿನ ಇಂಥ ಹಲವು ಬೀಗಗಳು ಕಳಚಿಬೀಳಬಹುದು ಎಂಬುದು ತಜ್ಞರ ಆತಂಕ. ಅದಕ್ಕೇ ಇವರು ಒಂದೊಂದೇ ವಿಭಾಗದ ಕಡತಗಳಿಗೆ ಕ್ವಾಂಟಂಗೂ ಜಗ್ಗದಂಥ ಹೊಸ ಬಗೆಯ ಬೀಗ ಹಾಕುತ್ತಿದ್ದಾರೆ.

“ಕಳ್ಳ ಈಗ್ಲೇ ಬೀಗ ಒಡೀಲೇಬೇಕು ಅಂತೇನಿಲ್ಲ,” ಎನ್ನುತ್ತಾರೆ. “ ಪೆಟ್ಟಿಗೇನೇ ಹೊತ್ಕೊಂಡು ಹೋಗಿ, ಒಡೆಯೋ ಯಂತ್ರ ಬರೋವರೆಗೂ ಅಟ್ಟದ ಮೇಲಿಟ್ಟು ಕಾಯ್ತಾನೆ.”

ಇದು ಬರೀ ಊಹೆಯಲ್ಲ. ಹಿಂದೊಮ್ಮೆ ಇಡೀ ಬ್ಯಾಕಪ್ಪಿನ ಪ್ರತಿ ಗೊತ್ತಿಲ್ಲದ ವಿಳಾಸಕ್ಕೆ ಹೋಗಿತ್ತು. ಕಳಿಸಿದವರು ಯಾರೋ, ಇಂದಿಗೂ ತಿಳಿದಿಲ್ಲ. “ಬೀಗ ಹಾಕಿತ್ತಲ್ಲ, ಬಿಡಿ” ಎಂದು ಆಡಳಿತ ಕೈತೊಳೆದುಕೊಂಡಿತು. ಇವರಿಂದ ಬಿಡಲಾಗಲಿಲ್ಲ. ಇವರ ಮನೆಯದೇ ಮಗುವೊಂದರ ವಂಶವಾಹಿ ಪರೀಕ್ಷೆಯ ವರದಿ ಅದರಲ್ಲಿತ್ತು. ಹೋದ ಪ್ರತಿಗೆ ಹೊಸ ಬೀಗ ಹಾಕಲು ಯಾರಿಂದಲೂ ಆಗದು. ವರದಿಯಲ್ಲಿ ಏನಿತ್ತು ಎಂದು ಪತ್ರಿಕೆಯವರಾದ ನಾವು ಕೇಳಿದೆವು.

“ನಿಮ್ಗೆ ಹೇಳ್ಬಿಟ್ರೆ ಕಳ್ಳನಿಗೆ ಕ್ವಾಂಟಂ ಯಾಕ್ರೀ ಬೇಕು? ಪೇಪರ್ ಓದಿದ್ರೆ ಸಾಕಲ್ಲ.”

ಹೊಸ ಬೀಗದ ಕೆಲಸ ಲೆಕ್ಕಪತ್ರ ವಿಭಾಗದಿಂದ ಶುರುವಾಗಲಿ ಎಂದು ಆಡಳಿತಾಧಿಕಾರಿ ಪಟ್ಟು ಹಿಡಿದಿದ್ದರಂತೆ. ಇವರು ಹೆರಿಗೆ ವಾರ್ಡಿನಿಂದ ಶುರುಮಾಡಿದರು. “ನಿಮ್ಮ ಲೆಕ್ಕ ನಾಲ್ಕು ವರ್ಷಕ್ಕೆ ಹಳಸುತ್ತೆ ಸಾರ್. ನಿನ್ನೆ ಹುಟ್ಟಿದ ಕೂಸಿನ ಗುಟ್ಟು ಅದಕ್ಕೆ ಕೂದಲು ಹಣ್ಣಾಗೋವರೆಗೂ ಉಳೀಬೇಕು ಅಂದೆ. ಮೂತಿ ತಿರುವಿದ್ರು.”

ಹೊಸ ಬೀಗದ ಮೇಲಾದರೂ ನಂಬಿಕೆಯಿದೆಯೇ?

“ಪೂರ್ತಿ ಎಲ್ಲಿಂದ ಬರುತ್ತೆ? ಅದೂ ಕೈಕೊಟ್ರೆ ಬೇಗ ಬದಲಾಯಿಸೋ ಹಾಗೆ ಜೋಡಿಸಿದೀನಿ.”

ಪರದೆಯಲ್ಲಿ ರಾತ್ರಿಯ ಪಟ್ಟಿ ಮುಗಿಯುತ್ತದೆ. ಆರಿದ ಚಹಾವನ್ನೇ ಒಂದು ಗುಟುಕು ಕುಡಿದು, ಕೇಳದಿದ್ದರೂ ಹೇಳುತ್ತಾರೆ: “ನಮ್ಮನೆ ಆ ಮಗು ದೊಡ್ಡದಾಗಿ, ‘ಇವಳು ಸುಮ್‌ಸುಮ್ನೆ ಹೆದರ್ಕೊಂಡು ಸಾಯ್ತಿದ್ಲು’ ಅಂತ ನನ್ನ ನೋಡಿ ನಗಬೇಕು. ನಕ್ತು ಅಂದ್ರೆ, ಅವತ್ತು ಹೋದ ಪೆಟ್ಟಿಗೆ ಯಾರೂ ತೆರೆದಿಲ್ಲ ಅಂತ.”